ಸಿಂಹಗಡದ ಕಡೆ ಮುಖ ಮಾಡಿದ ಮನೆಗಳು

ನಾವಿದ್ದ ಪುಣೆಯ ನಾರಾಯಣ ಪೇಟೆಯ ವಾಡೆಗಳ ಹಂಚಿನ ಮೇಲೆ ಆ ಕಾಲಕ್ಕೆ ಎಷ್ಟು ಆಂಟೆನಾ ಇದ್ದವೋ ಅಷ್ಟೂ ನೈಋತ್ಯಕ್ಕೆ, ಸಿಂಹಗಡದ ಕಡೆಗೇ ಮುಖ ಮಾಡಿ ನಿಂತಿರುತ್ತಿದ್ದವು. 1972ರ ಗಾಂಧಿ ಜಯಂತಿಗೆ ಮುಂಬಯಿಯಲ್ಲಿ ಶುರುವಾದ ದೂರದರ್ಶನ ಮರುವರ್ಷವೇ ಆ ಗಡವನ್ನೇರಿ, ಅಲ್ಲಿನ ಕಂಬದಿಂದ ಪುಣೆಯ ಮನೆಗಳಿಗೆ ಇಳಿದಿತ್ತು. ಬೆಂಗಳೂರಿನಲ್ಲಿ ಕೇಂದ್ರ ತೆರೆದದ್ದು 1981ರ ನವೆಂಬರಿನಲ್ಲಿ. ಧಾರವಾಡದ ನಮ್ಮ ಅಜ್ಜನ ಓಣಿಗೆ ಟಿವಿ ಬಂದದ್ದು ಅದಕ್ಕೂ ತಡವಾಗಿ. ಹೀಗಾಗಿ ಬ್ಯಾಸಗಿ ಸೂಟಿಯೊಳಗೆ ಮಿರಜಿನಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ, ನೀರಿನ ತಂಬಿಗೆ ಹೊತ್ತು ಸಣ್ಣ ಹಳಿಯ ಗಾಡಿ ಹಿಡಿದು ಊರು ಮುಟ್ಟಿದ ಕೂಡಲೇ ಕಾಕಾನ ಮಕ್ಕಳು, ಮಾಮಾನ ಮಕ್ಕಳು ನಮ್ಮನ್ನು ಅಟ್ಟದ ಮೇಲೆ ಎಳೆದುಕೊಂಡು ಹೋಗಿ, ‘ಹೇಳ್ರಿ, ಟಿವಿಯೊಳಗ ಏನೇನ್ ಬರತದ’ ಎಂದು ಸುತ್ತ ಕೂಡುತ್ತಿದ್ದರು. ನಾವು ಹೇಳುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದೆವು. ಅಣ್ಣ ಅಜ್ಜನ ಕೋಟು ಹಾಕಿಕೊಂಡು ಧಾರಾವಾಹಿಯ ಚಿಮಣರಾವ್ ಆಗುತ್ತಿದ್ದ, ನಾನು ಅವನ ಜೊತೆಯ ಗುಂಡ್ಯಾಭಾವೂ, ತಂಗಿ ಒಬ್ಬಳೇ ಮನೆಮಂದಿಯೆಲ್ಲ.

ವಾಡೆಯೊಳಗೆ ಮೊದಲು ಟಿವಿ ಇದ್ದದ್ದು ಮಾಲಕರ ಮನೆಯಲ್ಲಿ ಮಾತ್ರ. ಎರಡೂ ಬದಿಗೆ ಸರಿಯುವ ಕಟ್ಟಿಗೆಯ ಬಾಗಿಲಿದ್ದ ಪೆಟ್ಟಿಗೆ, ಅದರ ಮೇಲೆ ಕ್ರೋಶಾದ ಹೊದಿಕೆ, ಹೊದಿಕೆಯ ಮೇಲೆ ಪಿಂಗಾಣಿ ನಾಯಿ. ಪೆಟ್ಟಿಗೆ ಕಾದ ಮೇಲೆ ಬರುವ ಬಿಸಿ ಧೂಳಿನ ವಾಸನೆ, ಹೊರಗಿನ ಸಂದಿಯ ಪಾರಿಜಾತದ ವಾಸನೆ, ಒಳಗಿನಿಂದ ಬರುವ ಹಿಂಗು-ಸಾಸಿವೆಯ ಒಗ್ಗರಣೆ, ಇವೆಲ್ಲ ಕೂಡಿದ ಒಂದು ಸಂಜೆ ಅಲ್ಲಿರುತ್ತಿತ್ತು. ಕೂಡುವುದಕ್ಕೂ ಒಂದು ಕ್ರಮ: ಸೋಫಾದ ಮೇಲೆ ಮಾಲಕರು, ಖುರ್ಚಿಗಳ ಮೇಲೆ ಬಿಡಾರದ ಗಂಡಸರು, ಸತರಂಜಿಯ ಮೇಲೆ ಹುಡುಗರು ತೊಡೆಗೆ ತೊಡೆ ತಾಗಿಸಿ. ಹೆಂಗಸರು ಮಾತ್ರ ಯಾರೂ ಪೂರ್ತಿ ಕೂತದ್ದನ್ನು ನಾವು ಕಂಡಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಆತು ನಿಂತು, ಒಂದು ಕಿವಿ ಟಿವಿಗೆ, ಇನ್ನೊಂದು ತಮ್ಮ ಖೋಲಿಯ ಕುಕ್ಕರಿನ ಸೀಟಿಗೆ ಕೊಟ್ಟು, ನಡುವೆ ಎರಡು ಸಲ ಹೋಗಿ ಭಕ್ಕರಿ ತಿರುವಿ ಹಾಕಿ ಬಂದು, ಹೋದಾಗ ಏನಾಯಿತೆಂದು ನಮ್ಮನ್ನು ಪಿಸುದನಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದರು. ತೆರೆಯ ಮೇಲೆ ‘ವ್ಯತ್ಯಯ’ ಎಂಬ ಫಲಕ ಬಂದು ನಿಂತಿತೆಂದರೆ ಅವರಿಗೆ ಸಂತೋಷ. ಅಷ್ಟರಲ್ಲಿ ಅನ್ನ ಇಳಿಸಿ ಬರಬಹುದಿತ್ತು.

ಆ ಸತರಂಜಿಯ ಮೇಲೆ ಜಾಗ ಸಿಗಬೇಕಾದರೆ ಹಗಲಿನ ಕೆಲಸವೆಲ್ಲ ಮುಗಿದಿರಬೇಕು. ಬೆಳಗಿನ ನಳಕ್ಕೆ ಕೊಡಗಳನ್ನು ಸಾಲಿಗಿಟ್ಟು ಕಾಯ್ದು ತುಂಬುವುದು, ತಾಮ್ರದ ಬಂಬಿಗೆ ಚಿಪ್ಪು-ಕಟ್ಟಿಗೆ ಹಾಕುವುದು, ರೇಶನ್ ಅಕ್ಕಿಯನ್ನು ಮೊರದಲ್ಲಿ ಹರವಿ ಹಳ್ಳು ಆರಿಸುವುದು, ಗಿರಣಿಗೆ ಜೋಳದ ಡಬ್ಬಿ ಒಯ್ದು ಬಿಸಿಬಿಸಿ ಹಿಟ್ಟು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬರುವುದು, ರಾಕೆಲ್ ಎಣ್ಣೆ ಬಂದಿದೆ ಎಂದು ಸುದ್ದಿ ಹಬ್ಬಿದರೆ ಶಾಲೆಯ ಚೀಲ ಬಿಸಾಕಿ ಕ್ಯಾನು, ಕಾರ್ಡು ಹಿಡಿದು ಓಡುವುದು. ಸಂಜೆಗೆ ನಮ್ಮ ಕೈಗಳೆಲ್ಲ ರಾಕೆಲ್ ನಾರುತ್ತಿದ್ದವು, ಮಾರ್ಗೋ ಸಾಬೂನಿಗೂ ಹೋಗುತ್ತಿರಲಿಲ್ಲ. ಖಡಕಿಯ ಕಾರಖಾನೆಯಿಂದ ಸೈಕಲ್ಲಿನ ಮೇಲೆ ಬರುವ ಅಪ್ಪನ ಗಂಟೆಯ ಸಪ್ಪಳ ಸಂದಿಗೆ ಮುಟ್ಟುವುದೂ, ಸ್ಟೋದ ಭರ್ರೆನ್ನುವ ಸದ್ದು ನಿಲ್ಲುವುದೂ, ಮಾಲಕರ ಮನೆಯಿಂದ ದೂರದರ್ಶನದ ಆ ಶಹನಾಯಿಯ ಸ್ವರ ಏಳುವುದೂ ಹೆಚ್ಚುಕಡಿಮೆ ಒಂದರ ಬೆನ್ನಿಗೊಂದು.

ಚಿ. ವಿ. ಜೋಶಿಯವರು ಬರೆದ ಚಿಮಣರಾವ್ ಕತೆಗಳನ್ನು ಮುಂಬಯಿ ದೂರದರ್ಶನದವರು ಎಪ್ಪತ್ತರ ದಶಕದ ಕೊನೆಗೆ ಧಾರಾವಾಹಿ ಮಾಡಿದರು. ಚಿಮಣರಾವ್ ಪುಣೆಯವನೇ, ಕಾರಕೂನ. ಬರುವ ಪಗಾರ ಸಣ್ಣದು, ಮನೆ ದೊಡ್ಡದು, ಏನು ಉಳಿತಾಯ ಮಾಡಲು ಹೋದರೂ ಅದು ಇನ್ನೊಂದು ಖರ್ಚಿಗೆ ದಾರಿ. ದಿಲೀಪ ಪ್ರಭಾವಳಕರ ಅವರ ಆ ಗಾಬರಿ ಬಿದ್ದ ಮುಖ, ಬಾಳ ಕರ್ವೆಯವರ ಗುಂಡ್ಯಾಭಾವೂನ ಗಡಸು ದನಿ ಇವತ್ತಿಗೂ ನಮಗೆ ಯಾರೋ ಹತ್ತಿರದ ಬೀಗರ ಹಾಗೆ. ದುಡಿದು ಬಂದು ಮಾತಾಡಲೂ ತ್ರಾಣವಿಲ್ಲದೆ ಕೂಡುತ್ತಿದ್ದ ನಮ್ಮಪ್ಪ ಆ ಅರ್ಧ ತಾಸು ಕಣ್ಣೀರು ಬರುವಷ್ಟು ನಗುತ್ತಿದ್ದರು, ಮತ್ತು ಅವರು ನಗುವುದನ್ನು ನೋಡಲಿಕ್ಕೇ ನಾವು ತೆರೆಯಿಂದ ಕಣ್ಣು ತೆಗೆದು ಹಿಂದೆ ಹೊರಳುತ್ತಿದ್ದೆವು. ಅವ್ವ ಒಮ್ಮೆ ಮೆಲ್ಲಗೆ, ‘ನಮ್ಮ ಲೆಕ್ಕದ ವಹಿ ನೋಡಿ ಬರದಾರೇನ ಅನಸತದ’ ಎಂದಳು.

ಲೆಕ್ಕದ ವಹಿ ಎಂದರೆ ಬೇರೆ ಏನಲ್ಲ, ಗೋಡೆಯ ಮೇಲಿನ ಕಾಲನಿರ್ಣಯ. ಏಕಾದಶಿ, ಸಂಕಷ್ಟಿ, ರೇಲ್ವೆ ವೇಳಾಪಟ್ಟಿ ಎಲ್ಲ ಇರುವ ಆ ಕ್ಯಾಲೆಂಡರಿನ ಒಂದೊಂದು ತಾರೀಖಿನ ಚೌಕದಲ್ಲೂ ಅವ್ವನ ಪೆನ್ಸಿಲ್ ಅಕ್ಷರ: ಹಾಲು ಒಂದು ಶೇರು, ಇಸ್ತ್ರಿ, ಪೇಪರು ಖಾಡಾ, ವೈನಿಗೆ ಕೊಟ್ಟ ಸಕ್ಕರೆ ಒಂದು ವಾಟಿ. ತಿಂಗಳ ಇಪ್ಪತ್ತನೆಯ ತಾರೀಖಿನಿಂದ ಅಡಿಗೆಯ ರುಚಿಯೇ ಬೇರೆ. ಕಾಯಿಪಲ್ಲೆ ಹೋಗಿ ಝುಣಕ ಬರುತ್ತಿತ್ತು, ತೊಗರಿ ಹೋಗಿ ಹುಳಿಸಾರು ತೆಳ್ಳಗಾಗುತ್ತಿತ್ತು, ಧಾರವಾಡದಿಂದ ಬಂದ ಗುರೆಳ್ಳು ಚಟ್ನಿಪುಡಿ, ಮೆಂತ್ಯಹಿಟ್ಟು, ಬಾನದ ಸಾಂಡಿಗೆಯ ಡಬ್ಬಿಗಳು ಒಂದೊಂದೇ ಮೇಲಿನ ಫಳಿಯಿಂದ ಕೆಳಗಿಳಿಯುತ್ತಿದ್ದವು. ನಮಗದು ಕಷ್ಟವೆಂದು ತಿಳಿದಿರಲಿಲ್ಲ. ಬಿಸಿ ಭಕ್ಕರಿಯ ಮೇಲೆ ಹಸಿ ಶೇಂಗಾ ಎಣ್ಣೆ ಹಾಕಿ ಚಟ್ನಿಪುಡಿ ಕಲಸಿ ಕೊಟ್ಟರೆ, ಇಪ್ಪತ್ತನೆಯ ತಾರೀಖು ತಿಂಗಳಿಗೆ ಎರಡು ಸಲ ಬರಲಿ ಎನಿಸುತ್ತಿತ್ತು.

ಇಂಗ್ಲೆಂಡಿನಲ್ಲಿ ನಮ್ಮೊಬ್ಬ ಕಾಕಾ ಇದ್ದರು. ಮ್ಯಾಂಚೆಸ್ಟರಿನ ಹತ್ತಿರದ ಊರಾದರೂ ನಮ್ಮ ಮನೆಯಲ್ಲಿ ಅವರು ಲಂಡನ್ ಕಾಕಾ. ತಿಳಿನೀಲಿ ಹಾಳೆಯ ಅವರ ಪತ್ರ ಬಂದ ದಿನ ಅಪ್ಪ ಅದನ್ನು ಬ್ಲೇಡಿನಿಂದ ಕೊರೆದು ಬಿಚ್ಚಿ, ಎಲ್ಲರನ್ನೂ ಕೂಡಿಸಿ ಓದುತ್ತಿದ್ದರು. ಅಲ್ಲಿಯ ಟಿವಿಯಲ್ಲೂ ಒಂದು ಓಣಿಯ ಕತೆ ಬರುತ್ತದೆ, ಹೆಸರು ‘ಕೊರೊನೇಶನ್ ಸ್ಟ್ರೀಟ್’, 1960ರಿಂದ ನಡೆದೇ ಇದೆ, ಒಂದಕ್ಕೊಂದು ಗೋಡೆ ಹಚ್ಚಿದ ಇಟ್ಟಂಗಿಯ ಮನೆಗಳು, ಬಾಗಿಲಲ್ಲಿ ನಿಂತು ಮಾತಾಡುವ ಮುದುಕಿಯರು, ಸಂಜೆ ಎಲ್ಲರೂ ಕುಡಿಯಲು ಕೂಡುವ ಒಂದು ಗುತ್ತೆ, ಥೇಟ್ ನಿಮ್ಮ ವಾಡೆ ಎಂದು ಬರೆದಿದ್ದರು. ಅವ್ವ ಉತ್ತರದಲ್ಲಿ ತನ್ನ ಪಾಲಿನ ಎರಡು ಸಾಲು ಬರೆಸಿದಳು: ‘ಭಾವೂಜಿ, ಅಲ್ಲಿಯವರಿಗೂ ತಿಂಗಳ ಕಡೀಗೆ ರೊಕ್ಕ ಸಾಲಂಗಿಲ್ಲೇನು?’ ಕಾಕಾನ ಜವಾಬು ಬರಲು ತಿಂಗಳಾಯಿತು. ಅಲ್ಲಿ ಕಾರಖಾನೆಯವರಿಗೆ ಪಗಾರ ವಾರಕ್ಕೊಮ್ಮೆ, ಶುಕ್ರವಾರ. ಬುಧವಾರಕ್ಕೇ ಕಿಸೆ ಖಾಲಿ ಎಂದು ಬರೆದಿದ್ದರು. ಅವ್ವನಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ಸಾಲನ್ನು ವಾಡೆಯ ಎಲ್ಲ ಹೆಂಗಸರಿಗೂ ಹೇಳಿ ಬಂದಳು. ಇನ್ನೊಂದು ಪತ್ರದಲ್ಲಿ ಬಿಬಿಸಿಯ ‘ದಿ ಗುಡ್ ಲೈಫ್’ ಸುದ್ದಿಯಿತ್ತು. ನಲವತ್ತು ತುಂಬಿದ ಗಂಡ ನೌಕರಿ ಬಿಟ್ಟು, ಹೆಂಡತಿಯ ಜೊತೆ ಮನೆಯ ಹಿತ್ತಲನ್ನೇ ಅಗೆದು ಬಟಾಟಿ ಹಚ್ಚುತ್ತಾನೆ, ಆಡು, ಕೋಳಿ, ಹಂದಿ ಸಾಕುತ್ತಾನೆ, ಜನ ಬಿದ್ದು ಬಿದ್ದು ನಗುತ್ತಾರೆ ಎಂದು. ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ, ‘ಹಿತ್ತಲದಾಗ ಕಾಯಿಪಲ್ಲೆ ಬೆಳಿಯೂದರಾಗ ನಗೂದೇನದ?’ ಎಂದು ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳ ಧಾರವಾಡದ ಹಿತ್ತಿಲಲ್ಲಿ ಬಸಳೆ, ಹೀರೆ, ಕರಿಬೇವು, ಎರಡು ಆಕಳು ಇದ್ದೇ ಇದ್ದವು.

ನಮ್ಮ ಸ್ವಂತದ ಟಿವಿ ಬಂದದ್ದು ಭಿಶಿಯ ದುಡ್ಡಿನಿಂದ. ವಾಡೆಯ ಹೆಂಗಸರ ಭಿಶಿ ತಿಂಗಳಿಗೊಬ್ಬರ ಮನೆಯಲ್ಲಿ. ಚೀಟಿ ಎತ್ತುವ ದಿನ ಅವಲಕ್ಕಿ, ಚಹಾ. ಅವ್ವನ ಹೆಸರು ಎದ್ದ ಮಧ್ಯಾಹ್ನ ಅವಳು ಆ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿಟ್ಟು, ರಾತ್ರಿ ಅಪ್ಪನ ಮುಂದೆ ಡಬ್ಬಿಯನ್ನೇ ತಂದಿಟ್ಟಳು. ಉಳಿದದ್ದಕ್ಕೆ ಹಪ್ತೆ. ಆಗ ಟಿವಿಗೂ ಲೈಸೆನ್ಸು, ಟಪಾಲ ಕಚೇರಿಯಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು. ಆಂಟೆನಾ ಕಟ್ಟಿದ ದಿನ ಅಣ್ಣ ಹಂಚಿನ ಮೇಲೆ, ನಾನು ಪಾವಟಿಗೆಯ ಮೇಲೆ, ತಂಗಿ ಕಿಟಕಿಯಲ್ಲಿ. ‘ಬಂತೇನು?’ ‘ಇನ್ನಷ್ಟ ಹೊಳ್ಳಸು!’ ‘ಈಗ?’ ‘ಬಂತು ಬಂತು, ಕೈ ಬಿಡು!’ ಕೈ ಬಿಟ್ಟ ಕೂಡಲೇ ಹೋಗುತ್ತಿತ್ತು. ಒಂದು ಕಾಗೆ ಬಂದು ಕೂತು ಹಾರಿದರೂ ಮತ್ತೆ ಆ ಮೂವರ ಮೂರು ಜಾಗ.

ಅದು 1984ರ ಮಳೆಗಾಲ. ಜುಲೈ 7ಕ್ಕೆ ‘ಹಮ್ ಲೋಗ್’ ಶುರುವಾಗಿತ್ತು. ವಸಂತ ಸಾಠೆಯವರು ಮಂತ್ರಿಯಾಗಿದ್ದಾಗ ಮೆಕ್ಸಿಕೊಕ್ಕೆ ಹೋಗಿ, ಅಲ್ಲಿ ಮಿಗೆಲ್ ಸಬೀದೊ ಎಂಬವರು ಜನರಿಗೆ ತಿಳಿವಳಿಕೆ ಕೊಡುವ ಧಾರಾವಾಹಿಗಳನ್ನು ಮಾಡಿದ್ದನ್ನು ಕಂಡು ಬಂದ ಮೇಲೆ ಹುಟ್ಟಿದ್ದು ಅದು ಎಂದು ನಾವು ಓದಿ ತಿಳಿದದ್ದು ಬಹಳ ಮುಂದೆ. ಆಗ ನಮಗೆ ಗೊತ್ತಿದ್ದದ್ದು, ಮನೋಹರ ಶ್ಯಾಮ ಜೋಶಿಯವರು ಬರೆದ ಆ ಮನೆಯಲ್ಲಿ ಬಸೇಸರ ರಾಮ ಕುಡಿದು ಬರುತ್ತಾನೆ, ಭಗವಂತಿ ಸುಮ್ಮನೆ ಸಹಿಸುತ್ತಾಳೆ, ಬಡ್ಕಿಗೆ ಮದುವೆಯಾಗಬೇಕು, ಲಲ್ಲೂಗೆ ನೌಕರಿಯಿಲ್ಲ, ಛುಟ್ಕಿಗೆ ಡಾಕ್ಟರಾಗಬೇಕು. ನಮ್ಮ ಮನೆಯಲ್ಲೂ ಅತ್ತೆಯ ಮದುವೆಯ ಮಾತು ನಡೆದಿತ್ತು. ಹುಡುಗನ ಕಡೆಯವರು ಕೇಳಿದ್ದನ್ನು ಅಪ್ಪ-ಅವ್ವ ನಮಗೆ ಕೇಳಿಸದ ಹಾಗೆ ಆಡುತ್ತಿದ್ದರು. ಬಡ್ಕಿಯ ಮದುವೆಯ ಮಾತು ತೆರೆಯ ಮೇಲೆ ಬಂದ ರಾತ್ರಿಗಳಲ್ಲಿ ಮಾತ್ರ ಅವರು ನಮ್ಮೆದುರೇ ಬಾಯಿ ಬಿಟ್ಟು ಮಾತಾಡಿದರು. ಅತ್ತೆ ತಲೆ ತಗ್ಗಿಸಿ ಕೂತವಳು ಒಂದು ದಿನ ತಲೆ ಎತ್ತಿ, ‘ಅಣ್ಣಾ, ನಾನೂ ನೌಕರಿ ಮಾಡತೀನಿ’ ಎಂದದ್ದು ಹಾಗೆ ಒಂದು ಕಂತು ಮುಗಿದ ಮೇಲೆಯೇ. ಕಡೆಗೆ ಅಶೋಕ ಕುಮಾರ್ ಬಂದು ಎಲ್ಲರಿಗೂ ಬುದ್ಧಿ ಹೇಳಿದಾಗ ಅಜ್ಜಿ, ಹಿಂದಿ ಒಂದಕ್ಷರ ಬರದವಳು, ಸೆರಗು ಸರಿಮಾಡಿಕೊಂಡು ಕೂಡುತ್ತಿದ್ದಳು. ಅವರಿಗೆ ದೇಶದ ಮೂಲೆ ಮೂಲೆಯಿಂದ ಲಕ್ಷಗಟ್ಟಲೆ ಪತ್ರ ಬಂದವಂತೆ. ಅದರಲ್ಲಿ ನಮ್ಮ ತಂಗಿಯ ಒಂದು ಕಾರ್ಡೂ ಇತ್ತು, ಛುಟ್ಕಿಯನ್ನು ಓದಿಸಿರಿ ಎಂದು. ಧಾರಾವಾಹಿಯ ದಾದಿಗೆ ಕ್ಯಾನ್ಸರ್ ಆದಾಗ ನಮ್ಮ ಅಜ್ಜಿ ರಾತ್ರಿಯ ಊಟ ಬಿಟ್ಟಳು.

ಆ ಧಾರಾವಾಹಿಯ ಜೊತೆಗೇ ಮ್ಯಾಗಿಯ ಜಾಹೀರಾತು. ಎರಡು ನಿಮಿಷ ಎಂದು ತೋರಿಸಿದ್ದನ್ನು ನೋಡಿ ನೋಡಿ ನಾವು ಬೆನ್ನು ಬಿದ್ದಮೇಲೆ ಅವ್ವ ಒಂದೇ ಒಂದು ಪುಡಿಕೆ ತಂದು, ಅದು ಎಲ್ಲರಿಗೂ ಸಾಲುವುದಿಲ್ಲವೆಂದು ಶಾವಿಗೆ ಸೇರಿಸಿ, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹುರಿದ ಶೇಂಗಾ ಹಾಕಿ ಒಗ್ಗರಣೆ ಕೊಟ್ಟು, ನಿಂಬೆಹುಳಿ ಹಿಂಡಿ ತಾಟಿಗೆ ಹಾಕಿದಳು. ನಮಗೆ ಇವತ್ತಿಗೂ ಮ್ಯಾಗಿಯ ರುಚಿ ಅಂದರೆ ಅದು.

ಮರುವರ್ಷ ‘ರಜನಿ’ ಬಂದಳು. ವಿಜಯ ತೆಂಡೂಲಕರರ ಮಗಳು ಪ್ರಿಯಾ ತೆಂಡೂಲಕರ ಸೆರಗು ಸೊಂಟಕ್ಕೆ ಸಿಕ್ಕಿಸಿ ಗ್ಯಾಸ್ ಸಿಲಿಂಡರಿನವರ ಜೊತೆ ಜಗಳಕ್ಕೆ ನಿಂತಾಗ ಬಾಗಿಲ ಚೌಕಟ್ಟಿನ ಹೆಂಗಸರು ಮೊದಲ ಸಲ ಒಳಗೆ ಬಂದು ಕೂತರು. ಆ ವಾರ ರೇಶನ್ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೆಟ್ಟಗಾಗುವ ತನಕ ಅವ್ವ ಚೀಲ ಚಾಚಲಿಲ್ಲ. ‘ಯೇ ಜೋ ಹೈ ಜಿಂದಗಿ’, ‘ಬುನಿಯಾದ್’ ಎಲ್ಲ ನೋಡಿದೆವು. ಆದರೆ ಅಪ್ಪ ಹಚ್ಚಿಕೊಂಡದ್ದು ‘ನುಕ್ಕಡ್’. ಅದರಲ್ಲಿ ಸೈಕಲ್ ರಿಪೇರಿಯ ಹರಿ ಇದ್ದ, ಮತ್ತು ಪುಣೆ ಆಗ ಸೈಕಲ್ಲುಗಳ ಊರು. ಪಂಕ್ಚರ್ ಹಾಕಿಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು ಅರ್ಧ ತಾಸು ಮಾತಾಡಿ ಬರುವ ಅಪ್ಪನಿಗೆ ಆ ಮೂಲೆ, ಆ ಚಹಾದ ಗಾಡೆ, ಕೆಲಸವಿಲ್ಲದ ಆ ಹುಡುಗರು ಎಲ್ಲ ಗುರುತಿನವರೇ. ನಮಗೆ ಅಭಿಮಾನ ಬೇರೆ. ನುಕ್ಕಡ್ ಮಾಡಿದ ಕುಂದನ್ ಶಾ, ಸಯೀದ್ ಮಿರ್ಜಾ, ಯೇ ಜೋ ಹೈ ಜಿಂದಗಿಯ ಸತೀಶ ಶಾ ಕಲಿತದ್ದು ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ, ಹಳೆಯ ಪ್ರಭಾತ ಸ್ಟುಡಿಯೋದ ಆವಾರದಲ್ಲಿ. ರವಿವಾರ ಟೇಕಡಿ ಹತ್ತಲು ಹೋಗುವಾಗ ನಾವು ಆ ಗೇಟಿನ ಮುಂದೆ ಸಾವಕಾಶ ನಡೆಯುತ್ತಿದ್ದೆವು. ಬಡವರ ಮನೆಯ ಚಹಾದ ಲೋಟವನ್ನು ಇಷ್ಟು ಸರಿಯಾಗಿ ತೋರಿಸುವುದನ್ನು ಅವರಿಗೆ ನಮ್ಮ ಊರೇ ಕಲಿಸಿರಬೇಕೆಂದು ನಾನು ಈಗಲೂ ನಂಬುತ್ತೇನೆ.

ಅದೇ ಸಂಸ್ಥೆಗೆ 1974ರಲ್ಲಿ ನಿರ್ದೇಶಕರಾಗಿ ಬಂದಿದ್ದ ಗಿರೀಶ ಕಾರ್ನಾಡರು ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ ಕಾಣಿಸಿಕೊಂಡಾಗ ಅವ್ವ, ‘ನಮ್ಮ ಧಾರವಾಡದವರು’ ಎಂದು ವಾಡೆಗೆಲ್ಲ ಕೇಳಿಸುವಂತೆ ಹೇಳಿದಳು. ಮಾತು ಹಿಂದಿ, ಆದರೆ ಮುಖಗಳು ನಮ್ಮವು. ಶಂಕರ ನಾಗ್ ಆಗುಂಬೆಯಲ್ಲಿ ಕಟ್ಟಿದ ಆ ಬೀದಿ, ಸ್ವಾಮಿಯಾದ ಮಂಜುನಾಥನ ಬರಿಗಾಲು, ಜಗಲಿಕಟ್ಟೆ, ಅಜ್ಜಿಯ ಕೋಣೆ, ಮಳೆ. ವರ್ಷವಿಡೀ ನಮ್ಮನ್ನು ಕಾನಡಿ ಎಂದು ಕರೆಯುತ್ತಿದ್ದ ವಾಡೆಯ ಹುಡುಗರು ಆ ದಿನ ನಮ್ಮ ಖೋಲಿಗೇ ಬಂದು ಕೂತು, ನಿಮ್ಮ ಊರಲ್ಲಿ ಇಷ್ಟು ಮಳೆಯೇ, ನಿಮ್ಮ ಅಜ್ಜನ ಮನೆಗೂ ಹೀಗೇ ಕಂಬಗಳೇ ಎಂದು ಮರಾಠಿಯಲ್ಲಿ ಕೇಳಿದರು. ಧಾರವಾಡದ ಮಳೆ ಅಷ್ಟಿಲ್ಲದಿದ್ದರೂ ನಾವು ಹೌದೆಂದೆವು. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆಯ ರಾಗ ಶುರುವಾದರೆ ಪಾತ್ರೆ ತಿಕ್ಕುತ್ತಿದ್ದ ಅಕ್ಕಪಕ್ಕದ ಕೈಗಳೂ ಒಂದು ಗಳಿಗೆ ನಿಲ್ಲುತ್ತಿದ್ದವು. 1990ರ ಸೆಪ್ಟೆಂಬರ್ 30ಕ್ಕೆ ಶಂಕರ ನಾಗ್ ಹೋದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಸೂತಕದ ಮನೆಯ ಮೌನವಿತ್ತು, ಮಾಲಕರ ಮನೆಯ ಕಾಕೂ ಬಂದು ಅವ್ವನ ಹತ್ತಿರ ಕೂತು ಹೋದರು.

ಆ ಧಾರಾವಾಹಿಗೆ ಚಿತ್ರ ಬಿಡಿಸಿಕೊಟ್ಟ, ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ 1988ರಲ್ಲಿ ವಾಗಳೆಯನ್ನೂ ಕೊಟ್ಟರು. ‘ವಾಗಳೆ ಕಿ ದುನಿಯಾ’ದ ಅಂಜನ್ ಶ್ರೀವಾಸ್ತವ, ಭಾರತಿ ಆಚರೇಕರ ನಮ್ಮ ಎದುರಿನ ಬಿಡಾರಕ್ಕೆ ಬಂದಿಳಿದರೂ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಬಸ್ಸಿನ ನೂಕು, ಸಾಹೇಬನ ಮಾತು, ಮಕ್ಕಳ ಫೀಸು, ಮನೆಗೆ ಬರುವ ಬೀಗರು, ಎಲ್ಲದರ ನಡುವೆ ಯಾರಿಗೂ ಕೆಟ್ಟದ್ದು ಬಯಸದ ಒಬ್ಬ ಮನುಷ್ಯ. ಆಗ ನಾವು ಹುಡುಗರಾಗಿರಲಿಲ್ಲ. ಅಣ್ಣ ನೌಕರಿ ಹುಡುಕುತ್ತಿದ್ದ, ಅಪ್ಪನ ಸೈಕಲ್ಲಿನ ಜಾಗಕ್ಕೆ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ದ ಬಜಾಜ್ ಬಂದಿತ್ತು, ಆಕುರ್ಡಿಯಲ್ಲಿ ತಯಾರಾಗಿ ನಮ್ಮೂರಿನವರಿಗೇ ಅಷ್ಟು ತಡವಾಗಿ ಸಿಗುತ್ತಿದ್ದ ಬಜಾಜ್. ಅಜ್ಜಿ ಇರಲಿಲ್ಲ. ಆದರೂ ಆ ಅರ್ಧ ತಾಸಿಗೆ ಎಲ್ಲಿದ್ದರೂ ಬಂದು, ಸತರಂಜಿಯ ಮೇಲೆ ಮೊದಲಿನ ಹಾಗೇ ಕೂಡುತ್ತಿದ್ದೆವು.

ಮುಂದೆ ಕೇಬಲ್ಲು ಬಂತು. ಆಂಟೆನಾದ ಕೊಳವೆಗಳು ಅರಿವೆ ಒಣಗಿಸಲು ಆದವು. ತೆರೆಯ ಮೇಲಿನ ಮನೆಗಳು ದೊಡ್ಡವಾಗುತ್ತ ಆಗುತ್ತ ಪಾವಟಿಗೆಗಳೇ ನಮ್ಮ ಖೋಲಿಗಿಂತ ಅಗಲವಾದವು. ವಾಡೆಯನ್ನು ಕೆಡವಿ ಕಟ್ಟಿದರು. ಬಿಡಾರದವರು ಕೋಥರೂಡು, ಧನಕವಡಿ, ಹುಬ್ಬಳ್ಳಿ ಎಂದು ಹಂಚಿಹೋದರು. ಅಪ್ಪ ಹೋದ ಮೇಲೆ ಅವ್ವ ಸಿಂಹಗಡ ರಸ್ತೆಯ ಫ್ಲ್ಯಾಟಿನಲ್ಲಿ ತಂಗಿಯ ಜೊತೆಗಿದ್ದಾಳೆ. ಗೆಲ್ಲರಿಯಿಂದ ಗಡ ಕಾಣುತ್ತದೆ, ಮೇಲಿನ ಕಂಬವೂ. ಈಗಿನ ಧಾರಾವಾಹಿಗಳನ್ನು ಅವಳು ನೋಡುತ್ತಾಳೆ, ಬೈಯುವುದಿಲ್ಲ. ‘ಇವರ ಮನ್ಯಾಗ ಯಾರೂ ಚಿಲ್ಲರ ಎಣಸಂಗಿಲ್ಲ, ಕಾಯಿಪಲ್ಲೆ ಹೆಂಗ ಬರತದೋ’ ಎಂದಷ್ಟೇ ಕೇಳುತ್ತಾಳೆ. ಕಡೆಯ ವರ್ಷಗಳನ್ನು ಪುಣೆಯಲ್ಲೇ ಕಳೆದ ಲಕ್ಷ್ಮಣ್ 2015ರ ಜನವರಿ 26ಕ್ಕೆ ಇಲ್ಲಿಯೇ ತೀರಿದಾಗ, ಇಷ್ಟು ಹತ್ತಿರ ಇದ್ದರೆಂದು ಯಾರೂ ಹೇಳಲಿಲ್ಲವಲ್ಲ, ಒಂದು ಡಬ್ಬಿ ಮೆಂತ್ಯಹಿಟ್ಟು ಕೊಟ್ಟು ಬರುತ್ತಿದ್ದೆ ಎಂದು ಹಲುಬಿದ್ದಳು.

2021ರಲ್ಲಿ ವಾಗಳೆ ಮತ್ತೆ ಬಂದ. ಈಗ ಮಗನ ಸಂಸಾರ, ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಆಚರೇಕರ ಅಜ್ಜ-ಅಜ್ಜಿ. ಅತ್ತೆಗೆ, ವಾಡೆಯ ಹಳೆಯ ವೈನಿಯರಿಗೆಲ್ಲ ಫೋನು ಹೋಯಿತು, ಅಣ್ಣ ಬೆಂಗಳೂರಿನಿಂದ, ನಾನು ಇಲ್ಲಿಂದ, ಎಲ್ಲರೂ ಅದೇ ಹೊತ್ತಿಗೆ ಟಿವಿ ಹಚ್ಚಿದೆವು. ನೋಡಿ ಮುಗಿಯುತ್ತಲೇ ಅವ್ವನ ಫೋನು: ‘ಪಾಪ, ವಯಸ್ಸಾತು ಅವಗ. ಪೆನ್ಶನ್ ಬರತದೋ ಇಲ್ಲೋ?’ ಖಾಸಗಿ ಕಂಪನಿಯ ಸೇಲ್ಸ್ ವಿಭಾಗದಲ್ಲಿದ್ದವನು, ಪೆನ್ಶನ್ ಇರಲಿಕ್ಕಿಲ್ಲ ಎಂದೆ. ಅವಳು ಸ್ವಲ್ಪ ಲೆಕ್ಕ ಹಾಕಿದಳು. ‘ಹಂಗಾದ್ರ ಪಿಎಫ್ ಆದ್ರೂ ಬಂದಿರಬೇಕು. ಅವನ ಹೇಣ್ತಿ ರಾಧಿಕಾ ಶಾಣ್ಯಾಕಿ, ಮುರದಿರಂಗಿಲ್ಲ’ ಎಂದು ಹೇಳಿ, ಅತ್ತೆಗೂ ಇದನ್ನು ತಿಳಿಸಬೇಕೆಂದು ಫೋನಿಟ್ಟಳು.